ಕೋಚ್ ಪಂಚಾಂಗ

ನನ್ನ ಮಗನ ಹೈಸ್ಕೂಲು ಫುಟ್‌ಬಾಲ್ ತಂಡದ ಕೋಚ್ ಹತ್ತಿರ ಒಂದು ಕಾರ್ಡಿದೆ. ಚಡ್ಡಿಯ ಸೊಂಟಪಟ್ಟಿಗೆ ಸಿಕ್ಕಿಸಿಕೊಂಡಿರುತ್ತಾರೆ. ಬೆವರಿಗೆ ನೆನೆಯದಿರಲಿ ಎಂದು ಅದಕ್ಕೆ ಪ್ಲಾಸ್ಟಿಕ್ ಹೊದಿಕೆ. ಆ ದಿನದ ಪ್ರಾಕ್ಟೀಸು ಅದರಲ್ಲಿ ಐದೈದು ನಿಮಿಷದ 18 ಹೋಳಾಗಿ ಕೂತಿರುತ್ತದೆ. ಒಂದು ಹೋಳು ಮುಗಿಯಿತೆಂದರೆ ಲಾರಿ ಹಾರ್ನಿನಂಥದ್ದೊಂದು ಭೋಂ ಎನ್ನುತ್ತದೆ. ಅಷ್ಟು ಹುಡುಗರೂ ಮಾಡುತ್ತಿದ್ದುದನ್ನು ಅಲ್ಲೇ ಬಿಟ್ಟು ಮುಂದಿನ ಹೋಳಿಗೆ ಓಡುತ್ತಾರೆ. ಅರಸೀಕೆರೆ ಜಂಕ್ಷನ್ನಿನಲ್ಲಿ ರೈಲು ಬೇರೆ ಪ್ಲಾಟ್‌ಫಾರಮ್ಮಿಗೆ ಬರುತ್ತದೆ ಎಂದಾಗಲೂ ಜನ ಹೀಗೆ ಓಡಿದ್ದನ್ನು ನಾನು ಕಂಡಿಲ್ಲ.

ಇದು ನೀವು ತಿಳಿದಿರುವ ಫುಟ್‌ಬಾಲಲ್ಲ. ನಾವಿರುವುದು ಟೆಕ್ಸಾಸ್‌ನಲ್ಲಿ, ಡಲ್ಲಾಸ್‌ನಿಂದ ಉತ್ತರಕ್ಕೆ. ಇಲ್ಲಿಯ ಆಟದಲ್ಲಿ ಕಾಲಿಗೂ ಚೆಂಡಿಗೂ ಇರುವುದು ದಾಯಾದಿಗಳ ಸಂಬಂಧ. ತೀರ ಅನಿವಾರ್ಯವಾದರೆ ಮಾತ್ರ ಮುಟ್ಟುತ್ತವೆ. ಚೆಂಡು ಸುಲಿಯದ ತೆಂಗಿನಕಾಯಿಯ ಆಕಾರದ್ದು. ಅದನ್ನು ಎದೆಗೆ ಅವುಚಿಕೊಂಡೋ ಎಸೆದೋ ನಾಲ್ಕು ಪ್ರಯತ್ನದಲ್ಲಿ ಹತ್ತು ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಪ್ರಯತ್ನ, ಹೋಗದಿದ್ದರೆ ಕಾಯಿ ಎದುರಿನವರ ಪಾಲು. ತಡೆಯುವವರು ಹೇಗೆ ತಡೆಯುತ್ತಾರೆ ಎಂಬುದನ್ನು ನನ್ನ ತಾಯಿಯ ಕಣ್ಣಿಗೆ ಬೀಳಬಹುದಾದ ಕಡೆ ನಾನು ಬರೆಯುವುದಿಲ್ಲ.

ಹೈಸ್ಕೂಲು ಹುಡುಗರ ಆಟಕ್ಕೆ ಇಷ್ಟೊಂದು ರಗಳೆಯೇ ಎಂದು ಮೊದಲ ವರ್ಷ ನಾನೂ ಕೇಳಿದ್ದೆ. ಆಮೇಲೆ ಯಾರೋ ಪಕ್ಕದ ಆಲೆನ್ ಊರಿನ ಸ್ಟೇಡಿಯಂ ತೋರಿಸಿದರು. 2012ರಲ್ಲಿ ಸುಮಾರು ಆರು ಕೋಟಿ ಡಾಲರ್ ಸುರಿದು ಕಟ್ಟಿದ್ದು, 18,000 ಸೀಟು, ಅದೂ ಒಂದೇ ಒಂದು ಹೈಸ್ಕೂಲಿಗೆ. ಬಾಯಿ ಮುಚ್ಚಿಕೊಂಡೆ. ಶುಕ್ರವಾರ ರಾತ್ರಿ ಹೈಸ್ಕೂಲು ಮಕ್ಕಳ ಆಟ ಇರುತ್ತದೆಂದು ವೃತ್ತಿಪರ ಆಟಗಾರರ ದೊಡ್ಡ ಲೀಗು ಆ ಹೊತ್ತಿಗೆ ಟೀವಿಯಲ್ಲಿ ಅಡ್ಡ ಬರದಂತೆ 1966ರಲ್ಲೇ ಅಮೆರಿಕದ ಸಂಸತ್ತು ಕಾನೂನಿನಲ್ಲಿ ಬೇಲಿ ಹಾಕಿದೆ. ನಮ್ಮ ಹೈಸ್ಕೂಲಿನಲ್ಲಿ ಪೀಟಿ ಪೀರಿಯಡ್ಡನ್ನು ಗಣಿತದ ಮೇಷ್ಟ್ರಿಂದ ಕಾಪಾಡಲು ಒಂದು ಸುತ್ತೋಲೆಯೂ ಇರಲಿಲ್ಲ. ಪೀಟಿ ಮೇಷ್ಟ್ರ ವಾರದ ಯೋಜನೆ ಒಂದೇ ವಾಕ್ಯದ್ದು: ‘ಹೋಗ್ರೋ, ಆಡ್ಕೊಳ್ರೋ.’ ಇದ್ದ ಒಂದು ಚೆಂಡನ್ನು ಮೈದಾನಕ್ಕೆಸೆದು ಅವರು ಹುಣಸೆಮರದ ನೆರಳಿಗೆ ಹೋಗುತ್ತಿದ್ದರು.

ಮಗ ತಂಡಕ್ಕೆ ಸೇರಿದ್ದು ಕ್ರಿಕೆಟ್ಟಿನ ಪುಣ್ಯದಿಂದ. ಬೌಂಡರಿಯಿಂದ ವಿಕೆಟ್ಟಿಗೆ ಎಸೆದು ಪಳಗಿದ ಕೈ. ಪಾರ್ಕಿನಲ್ಲಿ ಒಮ್ಮೆ ಆ ತೆಂಗಿನಕಾಯಿಯನ್ನು ಎಸೆದದ್ದನ್ನು ನೋಡಿ ಗೆಳೆಯರು ಎಳೆದುಕೊಂಡು ಹೋದರು. ಕ್ವಾರ್ಟರ್‌ಬ್ಯಾಕ್ ಆದ. ಅಂದರೆ ಎಸೆಯುವವ, ತಂಡದ ಭಾಗವತ. ಮೇಳ ಕುಣಿಯುವುದೇ ಅವನ ಮಾತಿಗೆ. ಮೂರನೇ ಕ್ವಾರ್ಟರ್‌ಬ್ಯಾಕ್ ಎಂಬುದನ್ನೂ ಹೇಳಿಬಿಡುತ್ತೇನೆ. ಮೊದಲನೆಯವನಿಗೆ ಗಾಯವಾಗಿ, ಎರಡನೆಯವನಿಗೆ ಜ್ವರ ಬಂದರೆ ನಮ್ಮವನ ಸರದಿ. ಇಬ್ಬರೂ ಕಲ್ಲುಗುಂಡಿನ ಹಾಗಿದ್ದಾರೆ.

ನಾನು ಹೊಟ್ಟೆಪಾಡಿಗೆ ಮಾಡುವುದು ಸಾಫ್ಟ್‌ವೇರ್ ಪ್ರಾಜೆಕ್ಟುಗಳ ಮ್ಯಾನೇಜರಿಕೆ. ಅಂದರೆ ಬೇರೆಯವರ ಕೆಲಸವನ್ನು ಎಕ್ಸೆಲ್ ಹಾಳೆಯಲ್ಲಿ ಬಣ್ಣ ಬಣ್ಣವಾಗಿ ತೋರಿಸುವುದು. ಕೋಚ್ ಕಾರ್ಡು ಕಂಡ ದಿನ ನನ್ನ ಕೈ ತುರಿಸಿತು. ಮೂರು ರಾತ್ರಿ ಕೂತು ಇಡೀ ವಾರದ ಪ್ರಾಕ್ಟೀಸಿಗೆ ಒಂದು ಮಹಾ ಹಾಳೆ ತಯಾರಿಸಿದೆ. ಏಳು ಬಣ್ಣ. ಸೋಮವಾರ ಹಿಂದಿನ ಆಟದ ವಿಡಿಯೊ ನೋಡಿ ತಪ್ಪು ಎಣಿಸುವುದು, ಮಂಗಳವಾರ ಮೈಮೇಲೆ ಪೂರ್ತಿ ಕವಚ, ಬುಧವಾರ ಮೂರನೇ ಪ್ರಯತ್ನದ ತಂತ್ರಗಳು, ಗುರುವಾರ ಬರೀ ನಡಿಗೆಯಲ್ಲಿ ರಿಹರ್ಸಲ್, ಶುಕ್ರವಾರ ರಣರಂಗ. ಯಾವ ಹುಡುಗ ಯಾವ ನಿಮಿಷದಲ್ಲಿ ಎಲ್ಲಿರಬೇಕೆಂದು ಬೆರಳಿಟ್ಟರೆ ಹೇಳುತ್ತಿತ್ತು. ಒಂದು ಕಾಲಂನಲ್ಲಿ ಮಾರ್ಕೂ ಇತ್ತು. ಟೆಕ್ಸಾಸ್‌ನಲ್ಲಿ 1984ರ ಕಾನೂನಿನ ಪ್ರಕಾರ ಯಾವುದೇ ವಿಷಯದಲ್ಲಿ 70ಕ್ಕಿಂತ ಕಡಿಮೆ ಬಂದ ಹುಡುಗ ಆಟಕ್ಕಿಳಿಯುವಂತಿಲ್ಲ. ಈ ಸೀಮೆಯಲ್ಲಿ ನನ್ನ ಹೆಂಡತಿ ಮನಸಾರೆ ಒಪ್ಪಿದ ಏಕೈಕ ಕಾನೂನು ಅದು.

ಕೋಚ್ ಹಾಳೆಯನ್ನು ಮೇಲಿಂದ ಕೆಳಗೆ ನೋಡಿದರು. ತುಂಬ ಮರ್ಯಾದಸ್ಥರು. ‘ಚೆನ್ನಾಗಿದೆ’ ಎಂದರು. ಆಮೇಲೆ ನಿಧಾನಕ್ಕೆ, ‘ಇದರಲ್ಲಿ ನೀರು ಯಾವಾಗ ಕುಡೀತಾರೆ?’ ಎಂದು ಕೇಳಿದರು.

ಏಳು ಬಣ್ಣದ ಹಾಳೆಯಲ್ಲಿ ಒಂದು ತೊಟ್ಟು ನೀರಿರಲಿಲ್ಲ. ಮೈದಾನದ ಈ ತುದಿಯಿಂದ ಆ ತುದಿಗೆ ಓಡಲು ಹಿಡಿಯುವ ಸಮಯವೂ ಇರಲಿಲ್ಲ. ನನ್ನ ಹುಡುಗರು ನಾರದರಂತೆ ಅಂತರ್ಧಾನರಾಗಿ ಪ್ರತ್ಯಕ್ಷರಾಗುವವರು. ಆಗಸ್ಟ್ ತಿಂಗಳ ಟೆಕ್ಸಾಸ್ ಎಂದರೆ ಕಾದ ಹೆಂಚು, ರಾಯಚೂರಿನವರೂ ಕೊಡೆ ಕೇಳುವ ಬಿಸಿಲು. ಮರುದಿನದಿಂದ ನೀರಿನ ಇಲಾಖೆ ನನಗೇ ಬಂತು. ಶಿಕ್ಷೆಯೋ ಬಡ್ತಿಯೋ ಇನ್ನೂ ಗೊತ್ತಾಗಿಲ್ಲ.

ಹಿಂದಿನ ಕಾಲದಲ್ಲಿ ನನ್ನ ಹಾಳೆ ಪಾಸಾಗುತ್ತಿತ್ತೇನೋ. ನೀರು ಕೇಳುವವನು ಹೇಡಿ ಎಂದು ತಿಳಿದಿದ್ದ ಕೋಚುಗಳ ಕಾಲವೊಂದಿತ್ತು. 1954ರಲ್ಲಿ ಬೇರ್ ಬ್ರಯಂಟ್ ಎಂಬ ಹೆಸರಾಂತ ಕೋಚ್ ತನ್ನ ಕಾಲೇಜು ತಂಡವನ್ನು ಇದೇ ಟೆಕ್ಸಾಸ್‌ನ ಜಂಕ್ಷನ್ ಎಂಬ ಊರಿಗೆ ಕರೆದೊಯ್ದು, ಬರಗಾಲದ ಬಿಸಿಲಲ್ಲಿ ಹತ್ತು ದಿನ ನೀರು ಕೊಡದೆ ಪ್ರಾಕ್ಟೀಸು ಮಾಡಿಸಿದ. ಹುಡುಗರು ರಾತ್ರೋರಾತ್ರಿ ಗಂಟುಮೂಟೆ ಕಟ್ಟಿ ಪರಾರಿಯಾದರು. ಉಳಿದವರು ಅರ್ಧಕ್ಕಿಂತ ಎಷ್ಟೋ ಕಡಿಮೆ. ಉಳಿದವರಿಗೆ ಆಮೇಲೆ ವೀರರ ಪಟ್ಟ ಬಂತು; ಓಡಿಹೋದವರಿಗೆ ನೀರು ಸಿಕ್ಕಿತು. ನನ್ನ ಮತ ಓಡಿಹೋದವರ ಕಡೆಗೆ.

ಇನ್ನು ರಾಹುಕಾಲದ ವಿಷಯ.

ನನ್ನ ತಾಯಿ ಅರಸೀಕೆರೆಯಲ್ಲಿದ್ದಾರೆ. ನಮ್ಮ ರಾತ್ರಿ ಎಂಟೂವರೆ ಅವರ ಬೆಳಗಿನ ಏಳು. ಅವರ ಕಾಫಿ ಹೊತ್ತಿಗೆ ಮೊಮ್ಮಗನ ಊಟ, ಫೋನಿನಲ್ಲಿ ಮುಖಾಮುಖಿ. ಪ್ರಾಕ್ಟೀಸಿನ ವೇಳೆ ವಿಚಾರಿಸಿದರು. ಮಂಗಳವಾರ ನಾಲ್ಕರಿಂದ ಐದೂವರೆ, ಅವತ್ತೇ ನಿಜವಾದ ಗುದ್ದಾಟ ಎಂದು ಅವನು ಹೇಳಿದ.

‘ಮಂಗಳವಾರ ಮೂರರಿಂದ ನಾಲ್ಕೂವರೆ ರಾಹುಕಾಲ ಕಣೋ!’

ನಾನು ಮಧ್ಯೆ ಬಾಯಿ ಹಾಕಿ, ಅದು ಆರಕ್ಕೆ ಸೂರ್ಯ ಹುಟ್ಟುವ ಊರಿನ ಲೆಕ್ಕ, ಇಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಓಡುತ್ತದೆ, ಸೂರ್ಯ ಹುಟ್ಟುವುದೇ ಏಳಕ್ಕೆ ಎಂದು ಜಾಣತನ ತೋರಿಸಿದೆ. ಅಮ್ಮ ಒಂದು ಗುಟುಕು ಕಾಫಿ ಕುಡಿದರು.

‘ಹಾಗಾದರೆ ನಿಮಗೆ ನಾಲ್ಕರಿಂದ ಐದೂವರೆ.’

ಒಂದು ನಿಮಿಷ ಹೆಚ್ಚಿಲ್ಲ, ಒಂದು ನಿಮಿಷ ಕಡಿಮೆಯಿಲ್ಲ. ಇಷ್ಟು ಸರಿಯಾಗಿ ರಾಹುವಿನ ಬಾಯಿಗೆ ಪ್ರಾಕ್ಟೀಸು ಇಡಲು ನನ್ನ ಎಕ್ಸೆಲ್ಲಿನಿಂದಲೂ ಆಗುತ್ತಿರಲಿಲ್ಲ.

ಅಮ್ಮನನ್ನು ಸಮಾಧಾನ ಮಾಡಲು ಇಲ್ಲಿಯ ನಿಯಮ ವಿವರಿಸಿದೆ. ಟೆಕ್ಸಾಸ್‌ನ ಶಾಲಾ ಕ್ರೀಡೆಗಳನ್ನು ಆಳುವ ಸಂಸ್ಥೆ, ಸೀಸನ್ನಿನಲ್ಲಿ ಒಬ್ಬ ಹುಡುಗನಿಗೆ ವಾರಕ್ಕೆ ಇಷ್ಟು ನಿಮಿಷಕ್ಕಿಂತ ಹೆಚ್ಚು ಪೂರ್ಣ ಗುದ್ದಾಟದ ಪ್ರಾಕ್ಟೀಸು ಕೂಡದೆಂದು ಕಟ್ಟು ಮಾಡಿದೆ. ತಲೆಗೆ ಪೆಟ್ಟು ಬೀಳುವುದು ಕಡಿಮೆಯಾಗಲಿ ಎಂದು. ‘ಎಷ್ಟು ನಿಮಿಷ?’ ಎಂದರು. ‘ತೊಂಬತ್ತು’ ಎಂದೆ. ‘ರಾಹುಕಾಲವೂ ಒಂದೂವರೆ ಗಂಟೆಯೇ’ ಎಂದರು ಅಮ್ಮ. ‘ಅವರಿಗೂ ಗೊತ್ತಿದೆ ಅನ್ನು.’

ಆ 90 ನಿಮಿಷವನ್ನು ಕೋಚ್ ಖರ್ಚು ಮಾಡುವುದನ್ನು ನೋಡಬೇಕು, ತಿಂಗಳ ಕೊನೆಯಲ್ಲಿ ಗೃಹಿಣಿ ಎಣ್ಣೆ ಡಬ್ಬಿ ಬಗ್ಗಿಸುವ ಹಾಗೆ. ಮಂಗಳವಾರ ಇಷ್ಟು, ಬುಧವಾರ ಒಂದಿಷ್ಟು. ಮಿಕ್ಕಿದ್ದೆಲ್ಲ ಕೈತಡೆದ ಅಭ್ಯಾಸ. ಡಿಕ್ಕಿಗೆ ಅವರಲ್ಲಿ ಐದು ಮೆಟ್ಟಿಲಿವೆ. ಮೊದಲನೆಯದು ಗಾಳಿ, ಎದುರು ಯಾರೂ ಇಲ್ಲ. ಎರಡನೆಯದು ಚೀಲ, ಮೂಟೆಗೆ ಗುದ್ದುವುದು. ಮೂರನೆಯದರಲ್ಲಿ ಮನುಷ್ಯ ಇದ್ದಾನೆ, ಆದರೆ ಯಾರು ಗೆಲ್ಲಬೇಕೆಂದು ಮೊದಲೇ ಮಾತಾಗಿದೆ. ನಾಲ್ಕನೆಯದು ಧಡ್, ಗುದ್ದಬಹುದು, ಕೆಡವುವಂತಿಲ್ಲ. ಐದನೆಯದು ಸಾಕ್ಷಾತ್ ಆಟ. ಇಪ್ಪತ್ತು ವರ್ಷದ ದಾಂಪತ್ಯದಲ್ಲಿ ನಾವು ಈ ಐದನ್ನೂ ಹತ್ತಿ ಇಳಿದಿದ್ದೇವೆ, ಹೆಸರು ಮಾತ್ರ ಗೊತ್ತಿರಲಿಲ್ಲ. ಈಗ ಬೆಳಗ್ಗೆ ಬೆಳಗ್ಗೆಯೇ ನಾನೇನಾದರೂ ಕೊಂಕು ನುಡಿದರೆ ಹೆಂಡತಿ, ‘ಇವತ್ತು ಗುರುವಾರ, ಬರೀ ನಡಿಗೆ’ ಎನ್ನುತ್ತಾಳೆ.

ಆಡುವ ಸರದಿಯೇ ಬರದ ಮೂರನೆಯವನಿಗೆ ವಾರವೆಲ್ಲ ಏನು ಕೆಲಸ ಎಂದು ಕೇಳುತ್ತೀರಿ. ಅವನು ಎದುರಾಳಿ. ಇದಕ್ಕೆ ಸ್ಕೌಟ್ ಟೀಮ್ ಎನ್ನುತ್ತಾರೆ. ಬರುವ ಶುಕ್ರವಾರ ಯಾವ ಶಾಲೆಯ ಮೇಲೆ ಆಟವೋ ಆ ಶಾಲೆಯ ವೇಷವನ್ನು ನಮ್ಮದೇ ಮೀಸಲು ಹುಡುಗರು ಹಾಕುತ್ತಾರೆ. ಭಾನುವಾರ ಹುಡುಗರಿಗೆ ಪ್ರಾಕ್ಟೀಸು ನಿಷಿದ್ಧ. ಅವತ್ತು ಕೋಚುಗಳು ಕೂತು ಎದುರಿನವರ ಹಳೆಯ ಆಟಗಳ ವಿಡಿಯೊ ನೋಡಿ, ಅವರ ಒಂದೊಂದು ಪಟ್ಟನ್ನೂ ರಟ್ಟಿನ ಮೇಲೆ ಬಿಡಿಸುತ್ತಾರೆ. ಸೋಮವಾರದಿಂದ ಆ ರಟ್ಟನ್ನು ಎತ್ತಿ ಹಿಡಿದು ತೋರಿಸುತ್ತಾರೆ; ನಮ್ಮವರು ಅದರಂತೆ ಕುಣಿಯಬೇಕು. ಒಂದು ವಾರ ಮಗ ಬಲಕ್ಕೇ ಓಡುವ ಹನ್ನೆರಡನೇ ನಂಬರಿನವ. ಮುಂದಿನ ವಾರ ಎಸೆಯುವ ಮುಂಚೆ ಎರಡು ಸಲ ನೆಲ ತಟ್ಟುವ ಏಳನೇ ನಂಬರಿನವ. ಯಕ್ಷಗಾನದಲ್ಲಿ ಬರುತ್ತಾನಲ್ಲ ಪ್ರತಿನಾಯಕ, ಚೆನ್ನಾಗಿ ಅಬ್ಬರಿಸಿ ಕೊನೆಗೆ ಸೋಲಬೇಕಾದವನು, ಅವನೇ. ಸರಿಯಾಗಿ ಸೋತರೆ ಕೋಚ್ ಬೆನ್ನು ತಟ್ಟುತ್ತಾರೆ. ಗೆದ್ದುಬಿಟ್ಟರೆ ಇನ್ನೂ ಜೋರಾಗಿ ತಟ್ಟುತ್ತಾರೆ, ಆದರೆ ಆಮೇಲೆ ಮೊದಲ ತಂಡಕ್ಕೆ ಬೀಳುವ ಬೈಗುಳ ಕೇಳಲಾಗುವುದಿಲ್ಲ. ಪ್ರಾಕ್ಟೀಸಿನಲ್ಲಿ ಕ್ವಾರ್ಟರ್‌ಬ್ಯಾಕ್ ಮೈಮೇಲೆ ಕೆಂಪು ಅಂಗಿ ಇರುತ್ತದೆ. ಅದನ್ನು ಹಾಕಿದವನನ್ನು ಯಾರೂ ಕೆಡವಕೂಡದು. ಅಮ್ಮನಿಗೆ ನಾನು ಈ ಕೆಂಪು ಅಂಗಿಯ ಫೋಟೋ ಮಾತ್ರ ಕಳಿಸುತ್ತೇನೆ.

ಗುರುವಾರ ರಾತ್ರಿ ಆಟಗಾರರಿಗೆ ಯಾರಾದರೊಬ್ಬರ ಮನೆಯಲ್ಲಿ ಊಟ ಹಾಕುವ ಪದ್ಧತಿ. ನಮ್ಮ ಸರದಿಗೆ ಮುಂಚೂಣಿಯ ಹತ್ತು ಹುಡುಗರು ಬಂದರು. ಒಬ್ಬೊಬ್ಬನೂ ಬಾಗಿಲಲ್ಲಿ ಸ್ವಲ್ಪ ಅಡ್ಡವಾಗಿ ಒಳಗೆ ಬಂದ. ಹೆಂಡತಿ ಎರಡು ದೊಡ್ಡ ಪಾತ್ರೆ ಪುಳಿಯೋಗರೆ, ಮೊಸರನ್ನ, ಇಡ್ಲಿ ಮಾಡಿದ್ದಳು. ನಾನು ಅಳುಕುತ್ತಲೇ ಪಿಜ್ಜಾ ಅಂಗಡಿಯ ನಂಬರು ಹುಡುಕಿಟ್ಟುಕೊಂಡಿದ್ದೆ. ಪುಳಿಯೋಗರೆ ನೋಡಿ ಒಬ್ಬ, ‘ಇದು ಅನ್ನವೇ?’ ಎಂದ. ಹೌದು. ‘ಇದು?’ ಮೊಸರಲ್ಲಿ ಕಲೆಸಿದ ಅನ್ನ. ‘ಆ ಬಿಳಿ ಬನ್ನು?’ ಅಕ್ಕಿಯದೇ. ಆಟದ ಹಿಂದಿನ ರಾತ್ರಿ ಹಿಟ್ಟಿನ ಪದಾರ್ಥ ಚೆನ್ನಾಗಿ ತಿನ್ನಿ ಎಂದು ಕೋಚ್ ಹೇಳಿಕಳಿಸಿದ್ದರಂತೆ. ಅನ್ನದ ಜೊತೆಗೆ ಅನ್ನವನ್ನೇ ನೆಂಚಿಕೊಳ್ಳುವ ಜನಾಂಗವೊಂದು ಇದೆ ಎಂದು ತಿಳಿದು ಹುಡುಗರ ಮುಖ ಅರಳಿತು. ಎಡಗಡೆ ಕಾವಲಿನವನು 14 ಇಡ್ಲಿ ತಿಂದ. ಎಣಿಸಬಾರದು, ದೃಷ್ಟಿಯಾಗುತ್ತದೆ ಎಂದು ಹೆಂಡತಿ ಗದರಿದಳು. ಎಣಿಸುವುದು ನನ್ನ ಉದ್ಯೋಗ. ಅವರು ಹೋದ ಮೇಲೆ ಪಾತ್ರೆ ತೊಳೆಯುವ ಕೆಲಸವೇ ಉಳಿದಿರಲಿಲ್ಲ.

ವಾರದ ಲೆಕ್ಕ ತಪ್ಪುವುದು ಹೋಮ್‌ಕಮಿಂಗ್ ಎಂಬ ಶಾಲಾ ಹಬ್ಬದಲ್ಲಿ. ಆ ವಾರ ಹುಡುಗರು ಹುಡುಗಿಯರಿಗೆ ಸೇವಂತಿಗೆ ಹೂ ಕೊಡಬೇಕು. ಒಂದು ಕಾಲಕ್ಕೆ ನಿಜವಾದ ಸೇವಂತಿಗೆಯಿತ್ತಂತೆ. ಈಗ ರೇಷ್ಮೆಯದು, ತಟ್ಟೆಯಗಲ, ಅದರಿಂದ ನೆಲ ಮುಟ್ಟುವ ರಿಬ್ಬನ್ನು, ಗೆಜ್ಜೆ, ಕರಡಿಮರಿ ಗೊಂಬೆ. ರಥೋತ್ಸವದ ತೇರನ್ನೇ ಹುಡುಗಿಯ ಎದೆಗೆ ಪಿನ್ನು ಮಾಡಿದ ಹಾಗೆ. ಅದೇ ಹೂವಿನ ಸಣ್ಣ ರೂಪ ಹುಡುಗರ ತೋಳಿಗೆ. ಆ ವಾರ ಹಾರ್ನು ಹೊಡೆದರೂ ಯಾರ ಗಮನವೂ ಆಟದಲ್ಲಿರುವುದಿಲ್ಲ, ಕೋಚ್ ಕಾರ್ಡನ್ನು ಹೊರಗೆ ತೆಗೆಯುವುದೇ ಇಲ್ಲ.

ಶುಕ್ರವಾರ ರಾತ್ರಿ ಏಳೂವರೆ. ಬ್ಯಾಂಡು, ದೀಪ, ಊರಿಗೆ ಊರೇ ಬೆಂಚಿನ ಮೇಲೆ. ನಮ್ಮವನು ಗೆರೆಯಾಚೆ ಹೆಲ್ಮೆಟ್ ಕಂಕುಳಲ್ಲಿಟ್ಟುಕೊಂಡು ನಿಂತಿದ್ದ. ಎದುರು ತಂಡದ ಹನ್ನೆರಡನೇ ನಂಬರಿನವನು ಚೆಂಡು ಹಿಡಿದು ಬಲಕ್ಕೆ ಓಡಿದ, ಭುಜ ಸ್ವಲ್ಪ ಇಳಿಬಿಟ್ಟು ಎಸೆದ. ನಾಲ್ಕು ದಿನ ನೀರಿನ ಗಾಡಿಯ ಪಕ್ಕ ನಿಂತು ನೋಡಿದ್ದ ಅದೇ ಓಟ, ಅದೇ ಭುಜ. ನಾನು ಎದ್ದು ನಿಂತು ‘ಭಲೇ ಮಗನೇ!’ ಎಂದು ಕೂಗಿ ಚಪ್ಪಾಳೆ ತಟ್ಟಿಬಿಟ್ಟೆ. ನಮ್ಮ ಕಡೆಯ ಬೆಂಚಿನಲ್ಲಿ ಕೂತು, ಎದುರಿನವರು ಟಚ್‌ಡೌನ್ ಹೊಡೆದಾಗ! ಹೆಂಡತಿ ಶರ್ಟು ಹಿಡಿದು ಕೂರಿಸಿದಳು. ಕನ್ನಡದಲ್ಲಿ ಕೂಗಿದ್ದರಿಂದ ಬದುಕಿಕೊಂಡೆ. ಬೈದಿರಬೇಕೆಂದು ಸುತ್ತಲಿನವರು ಮೆಚ್ಚುಗೆಯಿಂದ ನೋಡಿದರು.

ಮೊನ್ನೆ ಸೋಮವಾರ ರಾತ್ರಿ ಫೋನನ್ನು ಉಪ್ಪಿನಕಾಯಿ ಜಾಡಿಗೆ ಒರಗಿಸಿಟ್ಟು ಮಗ ಊಟಕ್ಕೆ ಕೂತ. ಅರಸೀಕೆರೆಯಲ್ಲಿ ಕಾಫಿ. ಅನ್ನಕ್ಕೆ ಸಾರು ಬಿತ್ತು. ಎರಡು ತುತ್ತು ಆಗಿರಬೇಕು, ಫೋನಿನೊಳಗಿಂದ ಲೋಟ ಕುಕ್ಕಿದ ಸದ್ದು.

‘ಏನೋ ಅದು, ಎಡಗೈಯಲ್ಲಿ ಊಟ! ಯಾರೋ ಕಲಿಸಿದ್ದು ನಿನಗೆ?’

‘ಕೋಚ್, ಅಜ್ಜಿ’ ಎಂದ ಅವನು ಬಾಯಿ ತುಂಬಿಕೊಂಡೇ. ‘ಈ ವಾರದವನು ಎಡಚ. ಶುಕ್ರವಾರದ ತನಕ ಎಲ್ಲ ಎಡಗೈಯಲ್ಲೇ ಅಂತೆ.’

ಸಾರು ಮೊಣಕೈಯವರೆಗೆ ಇಳಿಯುತ್ತಿತ್ತು. ಅಮ್ಮ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ನನ್ನನ್ನು ಕರೆದು, ಆ ಕೋಚಿನ ಹಾಳೆಯಲ್ಲಿ ಊಟದ ಹೊತ್ತು ಎಲ್ಲಿ ಬರೆದಿದೆ ನೋಡು ಎಂದರು.