ಬೆಂಕಿಕಡ್ಡಿ ಮೀಮಾಂಸೆ

ಪ್ಲಗ್ಗಿಲ್ಲದ ವೈರಿನ ಬೋಳುತುದಿಗಳನ್ನು ಸಾಕೆಟ್ಟಿನ ತೂತಿಗೆ ತುರುಕಿ, ಜಾರದಂತೆ ಬೆಂಕಿಕಡ್ಡಿ ಸಿಕ್ಕಿಸುವ ಕಲೆಯೇ ಪ್ರಸ್ತುತ ಪ್ರಬಂಧದ ವಸ್ತು. ಶಿವನಸಮುದ್ರದ ಕರೆಂಟು 1902ರಲ್ಲಿ ಕೋಲಾರದ ಚಿನ್ನದ ಗಣಿ ಮುಟ್ಟಿದ್ದು ಎಲ್ಲರಿಗೂ ಗೊತ್ತು. ಮೊದಲ ಕಡ್ಡಿ ಯಾವ ಸಾಕೆಟ್ಟನ್ನು ಹೊಕ್ಕಿತೆಂದು ಮಾತ್ರ ಯಾವ ಶಾಸನವೂ ಹೇಳುವುದಿಲ್ಲ. ನಮ್ಮ ಇತಿಹಾಸಕಾರರೇ ಹೀಗೆ.

ಕ್ಷೇತ್ರಕಾರ್ಯ ನಡೆದದ್ದು ನನಗೆ ಸಂಬಳ ಕೊಡುವ ಪ್ರೆಸ್ಸಿನಲ್ಲಿ. ಇಲ್ಲಿನ ವಿದ್ವಾಂಸರಲ್ಲಿ ಎರಡು ಪಂಥ. ಕಡ್ಡಿಯ ಮದ್ದಿನ ತಲೆ ಹೊರಗಿರಬೇಕೆಂದು ಬೈಂಡಿಂಗಿನವರು. ತಲೆ ದಪ್ಪ, ಒಳಗಿದ್ದರೇ ಬಿಗಿ ಎಂದು ಕಟಿಂಗ್ ಮಿಷನ್ನಿನವರು. ಸಡಿಲ ವೈರು ಬಿಸಿಯೇರಿ ಕಿಡಿ ಹಾರಿಸುತ್ತದೆ, ಸುತ್ತ ಕಾಗದದ ರಾಶಿ, ಪಕ್ಕದಲ್ಲೇ ರೋಲರ್ ಒರೆಸುವ ಸೀಮೆಎಣ್ಣೆ ಎಂಬ ನನ್ನ ಆಕ್ಷೇಪವನ್ನು ಎರಡೂ ಪಂಥದವರು ಒಮ್ಮತದಿಂದ ತಳ್ಳಿಹಾಕಿದರು.

ಕರೆಂಟಿದೆಯೋ ಇಲ್ಲವೋ ಎಂಬುದಕ್ಕೆ ಪ್ರಮಾಣಗಳು ಮೂರು. ಪ್ರತ್ಯಕ್ಷ: ಬೆರಳ ಹಿಂಬದಿಯಿಂದ ಸವರಿ ನೋಡುವುದು. ಅನುಮಾನ: ಟೆಸ್ಟರ್ ಮಿಣುಕಿದರೆ ಇದೆ, ಮಿಣುಕದಿದ್ದರೆ ಕೆಟ್ಟದ್ದು ಟೆಸ್ಟರೋ ಲೈನೋ ಎಂಬ ಸಂಶಯ ಉಳಿಯುತ್ತದೆ. ಆಪ್ತವಾಕ್ಯ: "ಆಫ್ ಮಾಡಿದೀನಿ, ಮುಟ್ಟಿ ಸಾರ್." 230 ವೋಲ್ಟಿನೆದುರು ಹೆಚ್ಚು ಚಲಾವಣೆಯಲ್ಲಿರುವುದು ಈ ಮೂರನೆಯದೇ. ಆಫ್ ಮಾಡಿದವನು ಟೀಗೆ ಹೋದಾಗ ಇನ್ನೊಬ್ಬ ಬಂದು ಆನ್ ಮಾಡದಂತೆ ಮೈನಿಗೆ ಬೀಗ ಜಡಿದು, ಬೀಗದ ಕೈ ಜೇಬಿಗಿಳಿಸುವ ಪದ್ಧತಿ ಕೆಲವು ಕಾರ್ಖಾನೆಗಳಲ್ಲಿದೆ. ನಮ್ಮಲ್ಲಿ ಬೀಗವಿರುವುದು ಪೇಪರ್ ಗೋಡೌನಿಗೆ. ಕರೆಂಟನ್ನು ಯಾರು ಕದೀತಾರೆ?

ಎಲೆಕ್ಟ್ರಿಷಿಯನ್ ಒಮ್ಮೆ ಆರ್‌ಸಿಸಿಬಿ ಹಾಕಿಸಿದ್ದುಂಟು. ಹೋದ ಕರೆಂಟು ಪೂರ್ತಿ ವಾಪಸು ಬಾರದೆ 30 ಮಿಲಿಆಂಪಿನಷ್ಟು ಎಲ್ಲಾದರೂ ಸೋರಿದರೆ ಅದು ಥಟ್ಟನೆ ಬೀಳುತ್ತದೆ. ಸೋರುವ ದಾರಿ ನಮ್ಮ ಮೈಯೇ ಆಗಿರಬಹುದಲ್ಲ. ದಿನಾ ಬಿತ್ತು. ಸೋರುತ್ತಿರುವುದು ಎಲ್ಲಿ ಎಂದು ಹುಡುಕುವ ಬದಲು ಯಜಮಾನರು ಅದನ್ನೇ ಕೀಳಿಸಿ, "ಈಗ ನೋಡಿ, ಏನೂ ತೊಂದರೆಯಿಲ್ಲ" ಎಂದರು. ವಾದ ಅಖಂಡನೀಯ.

ಇನ್ನು ಸಾಕೆಟ್ಟಿನ ಮೇಲಿನ ದೊಡ್ಡ ತೂತು. ಪ್ಲಗ್ಗಿನಲ್ಲಿ ಅರ್ಥಿಂಗ್ ಪಿನ್ನು ಉಳಿದೆರಡಕ್ಕಿಂತ ಉದ್ದ, ದಪ್ಪ. ಮೊದಲು ನೆಲದ ನೆಂಟಸ್ತನ ಕುದುರಲಿ, ಆಮೇಲೆ ಕರೆಂಟು ಬರಲಿ ಎಂದು. ಕಡ್ಡಿ ಪರಂಪರೆಯಲ್ಲಿ ಅರ್ಥಿಂಗಿಗೆ ಅರ್ಥವೇ ಇಲ್ಲ. ಹಸಿರು ವೈರನ್ನು ಜಡೆಯಂತೆ ಸುತ್ತಿ ಇಳಿಬಿಟ್ಟಿದ್ದಾರೆ. ಖಾಲಿ ಉಳಿದ ಆ ತೂತಿನಲ್ಲಿ ನಮ್ಮ ಡಿಟಿಪಿ ಮೇಡಂ ಶುಕ್ರವಾರ ಊದಿನಕಡ್ಡಿ ಸಿಕ್ಕಿಸುತ್ತಾರೆ.

ಇಷ್ಟು ಬರೆಯುವಷ್ಟರಲ್ಲಿ ನನ್ನ ಟೇಬಲ್ ಫ್ಯಾನು ನಿಂತಿದೆ. ಕಡ್ಡಿ ಜಾರಿರಬೇಕು. ರಬ್ಬರ್ ಚಪ್ಪಲಿ ಬಾಗಿಲ ಹೊರಗಿದೆ. ಬೆಂಕಿಪೊಟ್ಟಣ ಮೇಡಂ ಹತ್ತಿರ.