ಸೀಲಿದೆ, ಡಾಕ್ಟರಿಲ್ಲ

"ಸ್ವಾಮಿ, ಶುಕ್ರವಾರ ಕೊಂಡ ಲ್ಯಾಬ್ರಡಾರ್ ಮರಿಗೆ ಭಾನುವಾರದಿಂದ ರಕ್ತಭೇದಿ. ಪಾರ್ವೋ ಅಂತೆ."

"ನಿಮ್ಮನೆ ನೀರು ಒಗ್ಗಿಲ್ಲ, ಅಷ್ಟೆ."

"ಆ ವೈರಸ್ ಹೊಕ್ಕು ರೋಗ ಕಾಣಿಸೋಕೆ ಸಾಮಾನ್ಯವಾಗಿ 3ರಿಂದ 7 ದಿನ ಬೇಕು. ಅಂದ್ರೆ ನಿಮ್ಮಲ್ಲೇ ಹತ್ತಿದ್ದು."

"ಲಸಿಕೆ ಕಾರ್ಡ್ ನೋಡಿ, ಸೀಲಿದೆ!"

"ಸೀಲಿದೆ, ಡಾಕ್ಟರ ಹೆಸರಿಲ್ಲ. ಲಸಿಕೆ ತಾರೀಕು ಮರಿ ಹುಟ್ಟೋಕೆ ಮುಂಚಿನದು!"

"ಹೊಟ್ಟೇಲಿದ್ದಾಗಲೇ ಹಾಕಿಸ್ತೀವಿ. ಅದೇ ನಮ್ಮ ಸ್ಪೆಷಾಲಿಟಿ."

(ಇಂಥ ಮುಂದಾಲೋಚನೆ ನಮ್ಮ ಆರೋಗ್ಯ ಇಲಾಖೆಗೂ ಹೊಳೆದಿಲ್ಲ.)

"2017ರ ನಾಯಿ ಸಾಕಣೆ ಮತ್ತು ಮಾರಾಟ ನಿಯಮದಂತೆ 8 ವಾರ ತುಂಬದ ಮರಿ ಮಾರೋ ಹಾಗಿಲ್ಲ. ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯ ನೋಂದಣಿಪತ್ರ ಎಲ್ಲಿ?"

"ಗೋಡೆ ಮೇಲಿದೆಯಲ್ಲ."

"ಅದು ಲಕ್ಷ್ಮೀ ಫೋಟೋ."

"ಅವಳ ಅಪ್ಪಣೆ ಇಲ್ದೆ ವ್ಯಾಪಾರ ಉಂಟೇ? ಬಿಲ್ ಓದಿ: 'ಮಾರಿದ ಮಾಲು ವಾಪಸಿಲ್ಲ.'"

"ದೋಷವಿರೋ ಮಾಲು ವಾಪಸ್ ತಗೊಳ್ಳದಿದ್ರೆ 2019ರ ಗ್ರಾಹಕ ಕಾಯ್ದೆ ಪ್ರಕಾರ ಅದೇ ಅನುಚಿತ ವ್ಯಾಪಾರ. 2 ವರ್ಷದೊಳಗೆ ನಮ್ಮ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು. 5 ಲಕ್ಷದವರೆಗೆ ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ."

"ಕೋರ್ಟು ಕಚೇರಿ ಯಾಕೆ ಸಾರ್? ಬದಲಿಗೆ ಅದರ ತಮ್ಮನ್ನ ಕೊಡ್ತೀನಿ."

"ಅವನು ಆರೋಗ್ಯವಾಗಿದ್ದಾನಾ?"

"ಬಂಗಾರದಂಥ ಮರಿ. ಎರಡು ದಿನದಿಂದ ಅನ್ನಾನೇ ಮುಟ್ಟಿಲ್ಲ. ಸಾಕೋ ಖರ್ಚು ಕಮ್ಮಿ!"