ಬ್ಯಾಡಗಿ–ಬಾಡಿಗಿ ಸಂಬಂಧ ಮತ್ತು 992 ರೂಪಾಯಿ ಸಮಸ್ಯೆ

ಸ್ಥಳನಾಮದಿಂದ ಶುರು ಮಾಡುವುದು ನಮ್ಮ ವಿದ್ವತ್ ಪರಂಪರೆ. ಹಾವೇರಿ ಎಂದರೆ ಹಾವುಗಳ ಕೇರಿ ಎಂದು ಬಿಡಿಸಿ ಹೇಳುವವರು ಮೊದಲಿನಿಂದಲೂ ಇದ್ದಾರೆ. ಬ್ಯಾಡಗಿಯ ವಿಷಯದಲ್ಲಿ ಮಾತ್ರ ಪೂರ್ವಸೂರಿಗಳು ಎಡವಿದ್ದಾರೆ ಎಂದು ವಿನಯದಿಂದ ನಿವೇದಿಸಬೇಕಾಗಿದೆ. ಈ ಸೀಮೆಯ ಬಾಯಲ್ಲಿ ಬಾಡಿಗೆ ಎಂಬುದು ‘ಬಾಡಿಗಿ’. ಹಿಂದೆ ಯಾವನೋ ಮನೆ ಮಾಲೀಕ ಬೇಸತ್ತು ‘ಬಾಡಿಗಿ ಬ್ಯಾಡ’ ಎಂದು ಕೈ ಮುಗಿದಿರಬೇಕು. ಆ ಮಾತೇ ಸವೆದು ಸವೆದು ಬ್ಯಾಡಗಿ ಆಯಿತೆಂಬುದು ಪ್ರಸ್ತುತ ಲೇಖಕನ ಸಿದ್ಧಾಂತ. ಆಧಾರವೇನು ಎಂದು ಕೇಳುವವರು ಸಾಲ ಮಾಡಿ ನಾಲ್ಕು ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟು ನೋಡಬಹುದು. ಲೇಖಕ ಆ ದಾರಿಯಿಂದಲೇ ಬಂದವನು.

ಸಂಶೋಧನೆಯ ಕ್ಷೇತ್ರವಾಗಿ ಹಾವೇರಿಯನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. 1997ರಲ್ಲಿ ಹಾವೇರಿ ಜಿಲ್ಲೆಯಾಯಿತು. ಅಲ್ಲಿಯತನಕ ಧಾರವಾಡಕ್ಕೆ ಹೋಗುತ್ತಿದ್ದ ಅರ್ಜಿಗಳು ಇಲ್ಲಿಗೇ ಬರತೊಡಗಿದವು. ಅರ್ಜಿಗಳ ಹಿಂದೆ ಗುಮಾಸ್ತರು ಬಂದರು, ಗುಮಾಸ್ತರ ಹಿಂದೆ ಅವರ ಮಂಚ, ಗ್ಯಾಸ್ ಸಿಲಿಂಡರು, ತುಳಸಿ ಕುಂಡ ಬಂದವು. ಜಿಲ್ಲಾಡಳಿತ ಭವನ ಊರ ಹೊರಗೆ ದೇವಗಿರಿಯಲ್ಲಿದ್ದರೂ ಸಂಜೆಗೆ ಇವರೆಲ್ಲ ಮಲಗಲು ಒಂದು ಮನೆ ಬೇಕಷ್ಟೆ. ಹಾವೇರಿಯ ಬಾಡಿಗೆದಾರ ಸಂಬಳದ ಮನುಷ್ಯ. ಒಂದನೇ ತಾರೀಕಿಗೆ ಬಾಡಿಗೆ ಕೊಡುತ್ತಾನೆ, ವರ್ಗಾವಣೆಯ ಪಟ್ಟಿ ಬಂದ ದಿನ ಮಾಯವಾಗುತ್ತಾನೆ. ರಾಣೆಬೆನ್ನೂರು ತಾಲ್ಲೂಕು ಕೇಂದ್ರವಾದರೂ 2011ರ ಜನಗಣತಿಯಲ್ಲೇ ಲಕ್ಷ ದಾಟಿ ಜಿಲ್ಲಾ ಕೇಂದ್ರವನ್ನು ನಾಚಿಸಿದ ಊರು. ಅಲ್ಲಿಯವನು ಬೀಜ, ಹತ್ತಿಯ ವಹಿವಾಟಿನವನು. ಬಾಕಿ ಬಿದ್ದ ಬಾಡಿಗೆಯನ್ನು ‘ಉದ್ರಿ’ ಎಂದು ಕರೆದು ಅದಕ್ಕೊಂದು ಮರ್ಯಾದೆ ತರುತ್ತಾನೆ. ಬ್ಯಾಡಗಿಯವನದು ಮೆಣಸಿನಕಾಯಿಯ ಕಾಲಮಾನ. ಸುಗ್ಗಿಯಲ್ಲಿ ಎಪಿಎಂಸಿಯ ಘಾಟು ಮನೆಯೊಳಗೆ ಬಂದರೆ ಬಾಡಿಗೆಯೂ ಬಂದೀತು. ಕಾಯಿಯ ಬಣ್ಣಕ್ಕೆ 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. ಗೋಡೆಯ ಬಣ್ಣದ ಬಗ್ಗೆ ಅಂಥ ಕಾಳಜಿ ಯಾರಿಗೂ ಇಲ್ಲ.

ಇನ್ನು ಹಣದ ಮೂಲ. ಇದರಲ್ಲಿ ಮುಖ್ಯವಾಗಿ ಎರಡು ದರ್ಶನಗಳಿವೆ. ಲೀಸ್ ದರ್ಶನದವರು ಒಬ್ಬ ಬಾಡಿಗೆದಾರನಿಂದ ಮೂರು ಲಕ್ಷ ಒಟ್ಟಿಗೆ ಪಡೆದು, ಮೂರು ವರ್ಷ ಬಾಡಿಗೆ ಕೇಳದೆ, ಕೊನೆಗೆ ಅಷ್ಟೂ ದುಡ್ಡನ್ನು ಹಿಂದಿರುಗಿಸುವವರು. ಹಿಂದಿರುಗಿಸುವ ಮೂರು ಲಕ್ಷ ಮುಂದಿನ ಬಾಡಿಗೆದಾರನಿಂದ ಬರುತ್ತದೆ. ಅವನದು ಅವನ ಮುಂದಿನವನಿಂದ. ಪುನರ್ಜನ್ಮದ ಚಕ್ರವನ್ನು ಇಷ್ಟು ಸರಳವಾಗಿ ವಿವರಿಸುವ ಇನ್ನೊಂದು ದೃಷ್ಟಾಂತ ನಮ್ಮ ಮಠಗಳಲ್ಲೂ ದೊರೆಯಲಾರದು. ಬ್ಯಾಂಕ್ ದರ್ಶನದವರು ನೇರ ಸಾಲಕ್ಕೆ ಶರಣಾದವರು. ಸಾಲವೇನು ಈ ನೆಲಕ್ಕೆ ಹೊಸದೇ? ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ 1905ರಲ್ಲಿ ಹುಟ್ಟಿದ್ದು ಪಕ್ಕದ ಗದಗಿನ ಕಣಗಿನಹಾಳದಲ್ಲಿ, ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ. ಸಾಲ ಕೊಟ್ಟು ಬದುಕಿಸುವ ವಿದ್ಯೆ ನಮ್ಮದೇ. ತಗೊಂಡು ಬದುಕುವ ವಿದ್ಯೆಯನ್ನೇ ಯಾರೂ ಕಲಿಸಿಲ್ಲ.

ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದವರೆಗಿನ ಗೃಹಸಾಲ ಮನೆಯ ಬೆಲೆಯ ಶೇ. 90ರಷ್ಟಿರಬಹುದು, ಮಿಕ್ಕದ್ದು ಕೈಯಿಂದ. ಸ್ಟಾಂಪು, ನೋಂದಣಿಯ ಖರ್ಚು ಆ ಲೆಕ್ಕಕ್ಕೆ ಬಾರದು. ಲೇಖಕನ ಕೈಪಾಲು ಬಂಗಾರದಿಂದ, ಹೆಂಡತಿಯ ಭಿಶಿಯಿಂದ, ಇನ್ನೂ ಗಿಲಾವು ಕಾಣದ ಮನೆಗಳಿಗೆ ಮುಂಗಡವಾಗಿ ಪಡೆದ ನಾಲ್ಕು ಡಿಪಾಜಿಟ್‌ಗಳಿಂದ ಕೂಡಿಬಂತು. ಕಾಗದಪತ್ರ ಮುಗಿದ ಮೇಲೆ ಉತಾರದಲ್ಲಿ ಸಾಲದ ದಾಖಲೆ ಕೂತಿತು. ಅದನ್ನು ಇಲ್ಲಿ ‘ಬೋಜಾ’ ಎನ್ನುತ್ತಾರೆ, ಅಂದರೆ ಹೊರೆ. ಸರ್ಕಾರಿ ಪರಿಭಾಷೆಯಲ್ಲಿ ಇಷ್ಟು ಪ್ರಾಮಾಣಿಕವಾದ ಪದ ಇನ್ನೊಂದು ಸಿಕ್ಕಿಲ್ಲ.

ಈಗ ಪ್ರಬಂಧದ ತಿರುಳು. 30 ಲಕ್ಷ, ಶೇ. 9ರ ಬಡ್ಡಿ, 20 ವರ್ಷ: ತಿಂಗಳ ಕಂತು 26,992 ರೂಪಾಯಿ. ಮೊದಲ ಕಂತಿನಲ್ಲಿ 22,500 ಬಡ್ಡಿಗೇ ಹೋಗಿ ಅಸಲಿಗೆ ಜಮಾ ಆಗುವುದು 4,492. ಕೊನೆಗೆ ಕಟ್ಟಿದ್ದೆಲ್ಲ ಕೂಡಿಸಿದರೆ 64 ಲಕ್ಷ 78 ಸಾವಿರ. ಅಂದರೆ ನಾಲ್ಕು ಮನೆ ನಮಗೆ ಕಟ್ಟಿ, ಇನ್ನೂ ನಾಲ್ಕನ್ನು ಬ್ಯಾಂಕಿಗೆ ಕಟ್ಟಿಕೊಟ್ಟಂತೆ. ಬಾಡಿಗೆ ಮನೆಗೆ 6,500ರಂತೆ 26,000. ಕೊರತೆ 992. ಗಣಿತದಲ್ಲಿ ಪೈ ಹೇಗೋ, ಬಾಡಿಗೆಶಾಸ್ತ್ರದಲ್ಲಿ 992 ಹಾಗೆ: ಯಾವ ದಿಕ್ಕಿನಿಂದ ಭಾಗಿಸಿದರೂ ಶೇಷ ಉಳಿಯುತ್ತದೆ.

ಮೊದಮೊದಲು ಈ ಶೇಷವನ್ನು ಸಬ್‌ಮೀಟರು ನುಂಗುತ್ತಿತ್ತು. ಹೆಸ್ಕಾಂನ ಮೀಟರು ಒಂದೇ, ಒಳಗೆ ನಮ್ಮವು ನಾಲ್ಕು ಗಿಡ್ಡ ಮೀಟರು. ಯೂನಿಟ್ಟಿಗೆ ಒಂದೆರಡು ರೂಪಾಯಿ ಮೇಲೆ ಹಾಕಿ ವಸೂಲಿ. ಇದನ್ನು ಲಾಭ ಎನ್ನಲಾಗದು, ದೀಪದ ಕೆಳಗಿನ ಕತ್ತಲೆಗೆ ತಗೊಂಡ ಬಾಡಿಗೆ ಎನ್ನಬಹುದು. 2023ರ ಆಗಸ್ಟಿನಲ್ಲಿ ಗೃಹಜ್ಯೋತಿಯ ಸೊನ್ನೆ ಬಿಲ್ಲುಗಳು ಬಂದವು. ಮನೆಗೆ 200 ಯೂನಿಟ್ಟಿನ ಮಿತಿಯೊಳಗೆ ಕರೆಂಟು ಪುಕ್ಕಟೆ, ಬಾಡಿಗೆದಾರರಿಗೂ ಉಂಟು. ಆದರೆ ಪ್ರತಿ ಮನೆಗೂ ಬೇರೆ ಮೀಟರು ಬೇಕು. ನಾಲ್ಕೂ ಮನೆಯವರು ಒಂದಾಗಿ ಬಂದು ನಿಂತರು. ಹಿಂದೆಂದೂ ಅವರು ಒಂದಾದದ್ದಿಲ್ಲ, ಜಂಟಿ ಸಂಪು ತೊಳೆಯುವ ದಿನವಂತೂ ಇಲ್ಲವೇ ಇಲ್ಲ. ಹೊಸ ಮೀಟರುಗಳ ಖರ್ಚು ಮಾಲೀಕನದು, ಜ್ಯೋತಿ ಅವರದು. 992 ಮತ್ತೆ ಬಯಲಿಗೆ ಬಂತು.

ಕರಾರುಪತ್ರದ ಬಗ್ಗೆ ಒಂದು ಅಡ್ಡಮಾತು. ಪುರಸಿದ್ಧೇಶ್ವರನ ಈ ನಾಡಿನಲ್ಲಿ ಚಾಲುಕ್ಯರ ಕಾಲದ ದಾನಶಾಸನಗಳು ಸೂರ್ಯಚಂದ್ರರಿರುವ ತನಕ ಊರ್ಜಿತ. ಮುರಿದವನಿಗೆ ವಾರಣಾಸಿಯಲ್ಲಿ ಕವಿಲೆ ಕೊಂದ ಪಾಪ. ನಮ್ಮ ಕರಾರು 11 ತಿಂಗಳು ಊರ್ಜಿತ. ವರ್ಷ ದಾಟಿದ ಬಾಡಿಗೆ ಪತ್ರವನ್ನು ನೋಂದಣಿ ಮಾಡಿಸಲೇಬೇಕೆಂದು 1908ರ ಕಾಯ್ದೆ ಹೇಳುವುದರಿಂದ, ಇಡೀ ದೇಶ ಸೇರಿ ವರ್ಷದಲ್ಲೇ ಒಂದು ತಿಂಗಳು ಕತ್ತರಿಸಿಬಿಟ್ಟಿದೆ. ಸೂರ್ಯಚಂದ್ರರಿಂದ 11 ತಿಂಗಳಿಗೆ ಆದ ಈ ಕುಸಿತವನ್ನು ಶಾಸನತಜ್ಞರು ಗಮನಿಸಿದಂತಿಲ್ಲ. ಪಾಪದ ಕಲಮಿನ ಜಾಗದಲ್ಲಿ ಈಗ ‘ಗೋಡೆಗೆ ಮೊಳೆ ಹೊಡೆಯತಕ್ಕದ್ದಲ್ಲ’ ಎಂದಿದೆ. ಪರಿಣಾಮದಲ್ಲಿ ಎರಡೂ ಒಂದೇ.

ಸೋರುವ ಮಾಳಿಗೆಯ ಮೇಲೆ ಹಾಡು ಕಟ್ಟಿದ ಶಿಶುನಾಳ ಶರೀಫರು ಇದೇ ಜಿಲ್ಲೆಯವರು. ಪಂಡಿತರು ಅದರಲ್ಲಿ ತತ್ವ ಕಂಡಿದ್ದಾರೆ. ಪ್ರಸ್ತುತ ಲೇಖಕನಿಗೆ ಮಳೆಗಾಲದ ರಾತ್ರಿ ಹನ್ನೊಂದಕ್ಕೆ ಬರುವ ಫೋನು ಕೇಳಿಸುತ್ತದೆ. ಆದಾಯ ತೆರಿಗೆಯವರ ನಿಲುವು ಮಾತ್ರ ಶರೀಫರಿಗೆ ಹತ್ತಿರವಾದ ವೈರಾಗ್ಯ: ಬಾಡಿಗೆಯಲ್ಲಿ ಮುನಸಿಪಾಲ್ಟಿ ತೆರಿಗೆ ಕಳೆದು ಉಳಿದದ್ದರ ಶೇ. 30ನ್ನು ಅವರು ಕೇಳದೆ ಬಿಟ್ಟುಕೊಡುತ್ತಾರೆ. ನೀವು ಮಾಳಿಗೆ ಪೂರ್ತಿ ಬದಲಿಸಿದರೂ ಅಷ್ಟೇ, ಬುಡಕ್ಕೊಂದು ಬಕೆಟ್ ಇಟ್ಟು ಸುಮ್ಮನಿದ್ದರೂ ಅಷ್ಟೇ. ಲೇಖಕನ ಬಳಿ ಈಗ ಒಳ್ಳೆಯ ಬಕೆಟ್‌ಗಳಿವೆ.

ಹಸ್ತಪ್ರತಿಯನ್ನು ಪರಿಶೀಲನೆಗೆಂದು ಮೇಲಿನ ಮನೆಯ ಗುಮಾಸ್ತರಿಗೆ ಕೊಡಲಾಗಿತ್ತು. ಮರುದಿನ ಅವರು ಪಾವಟಿಗೆಯ ಮೇಲೇ ನಿಂತು ಹೇಳಿದರು:

“ಭಾಳ ಚಲೋ ಬರದೀರಿ ಸರ. ಓದಿ ನನಗೂ ಧೈರ್ಯ ಬಂತ್ರಿ. ರಾಣೆಬೆನ್ನೂರಾಗ ಒಂದು ಎನ್.ಎ. ಪ್ಲಾಟ್ ಐತಿ, ನಾಕು ಮನಿ ಕಟ್ಟಸ್ತೇನ್ರಿ.”

“ಪೂರಾ ಓದೀರೇನು?”

“ಪೂರಾ ಓದೇನ್ರಿ. ತಿಂಗಳಿಗೆ 992 ಅಷ್ಟ ಕಮ್ಮಿ ಬೀಳತೈತಲ್ರಿ? ಅದೇನ್ ದೊಡ್ಡದು. ಬ್ಯಾಂಕಿನವ್ರು ಕೈಪಾಲು ತೋರಸ್ರಿ ಅಂದಾರ. ನಮ್ಮ ಡಿಪಾಜಿಟ್ 50 ಸಾವಿರ ಈ ತಿಂಗಳು ಕೊಟ್ಟಬಿಡ್ರಿ, ಮನಿ ಖಾಲಿ ಮಾಡ್ತೇವಿ.”

ಅವರು ನಿಂತಿದ್ದ ಪಾವಟಿಗೆಯೇ ಆ 50 ಸಾವಿರ. ಅದನ್ನು ಹೇಳುವ ಧೈರ್ಯವಾಗಲಿಲ್ಲ. ಸಂಜೆ ಗೇಟಿಗೆ ಬೋರ್ಡು ತೂಗುಹಾಕಲಾಯಿತು: ‘ಮನೆ ಬಾಡಿಗೆಗೆ ಇದೆ. ಡಿಪಾಜಿಟ್ 60 ಸಾವಿರ.’